ಆಪರೇಷನ್ ಮುಗಿದ ಮೇಲೆ: ಮೂತ್ರದ ಹಿಡಿತ ಮರಳಿ ಬರುವ ಬಗೆ

(ರಾಮಥಾಳದಲ್ಲಿ ನೀಡಿದ ದತ್ತಿ ಉಪನ್ಯಾಸ)



ವಿಷಯವನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು (ಟ್ರಾನ್ಸ್ ಮಹಿಳೆಯರು), ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು (ಟ್ರಾನ್ಸ್ ಪುರುಷರು) ತಮ್ಮ ದೇಹವನ್ನು ತಮ್ಮ ಮನಸ್ಸಿಗೆ ಹೊಂದಿಸಿಕೊಳ್ಳಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ, ಕೆಲವರಿಗೆ ಮೂತ್ರದ ಮೇಲಿನ ಹಿಡಿತ ತಪ್ಪುತ್ತದೆ. ಕೆಮ್ಮಿದರೆ ಹನಿಯುತ್ತದೆ. ಕೊಡ ಎತ್ತಿದರೆ ಒದ್ದೆಯಾಗುತ್ತದೆ. ‘ಒಂದಕ್ಕ ತಡಕೊಳ್ಳಾಕ ಆಗವಲ್ದ್ರಿ’ ಎಂದು ಹೇಳುವುದಕ್ಕೂ ಅವರಿಗೆ ಬಾಯಿ ಬರುವುದಿಲ್ಲ. ಹೇಳಿದರೆ ‘ಮಾಡಿಸಿಕೊಂಡದ್ದಕ್ಕೆ ಅನುಭವಿಸು’ ಅನ್ನುವವರೇ ಹೆಚ್ಚು. ಈ ಮಾತು ನಿರ್ದಯೆಯದ್ದು ಮಾತ್ರವಲ್ಲ, ವೈದ್ಯಕೀಯವಾಗಿಯೂ ತಪ್ಪು. ಹೆರಿಗೆಯಾದ ತಾಯಂದಿರಿಗೂ, ಪ್ರಾಸ್ಟೇಟ್ ಆಪರೇಷನ್ ಆದ ಅಜ್ಜಂದಿರಿಗೂ ಇದೇ ತೊಂದರೆ ಬರುತ್ತದೆ. ಅವರಿಗೆ ಯಾರೂ ಹಾಗೆ ಅನ್ನುವುದಿಲ್ಲ.

ನಮ್ಮ ಸೀಮೆಗೆ ಟ್ರಾನ್ಸ್ ಜನ ಹೊಸಬರಲ್ಲ. ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟು, ಕೊಡ ಹೊತ್ತು, ಚೌಡಿಕೆ ನುಡಿಸುತ್ತ ಬಂದ ಜೋಗಪ್ಪಗಳನ್ನು ನಮ್ಮ ಅಜ್ಜಿಯರು ಹೊಸ್ತಿಲಲ್ಲಿ ನಿಲ್ಲಿಸಿ ಜೋಗ ಹಾಕಿ ಕೈ ಮುಗಿಯುತ್ತಿದ್ದರು. ಅದೇ ಪರಂಪರೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಜೋಗಪ್ಪ ಆಗುವುದಕ್ಕೆ ಮುತ್ತು ಕಟ್ಟಿದರೆ ಸಾಕು, ಕತ್ತರಿ ಬೇಕಿಲ್ಲ. ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಹೇಳಿದ್ದೂ ಇದನ್ನೇ: ಒಬ್ಬರ ಲಿಂಗತ್ವವನ್ನು ಒಪ್ಪಲು ಆಪರೇಷನ್ ಆಗಿರಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಆದರೆ ತಾವಾಗಿ ಬೇಕೆಂದು ಮಾಡಿಸಿಕೊಳ್ಳುವವರು ಇದ್ದಾರೆ. ಅವರು ದೂರದ ಶಹರದಲ್ಲಿ ಮಾಡಿಸಿಕೊಂಡು, ಮೂತ್ರದ ಕೊಳವೆ (ಕ್ಯಾಥೆಟರ್) ತೆಗೆಸಿಕೊಂಡು ಊರಿನ ಬಸ್ಸು ಹತ್ತುತ್ತಾರೆ. ನಾನು ಮಾತಾಡಬೇಕೆಂದಿರುವುದು ಆ ಬಸ್ಸು ಇಳಿದ ಮೇಲಿನ ತಿಂಗಳುಗಳ ಬಗ್ಗೆ.

ಹಿಂದಿನ ಪದ್ಧತಿಯನ್ನು ಮೊದಲು ಹೇಳಿಬಿಡುತ್ತೇನೆ. ಹಿಜ್ರಾ ಸಮುದಾಯದಲ್ಲಿ ಗಂಡಿನ ಅಂಗ ತೆಗೆಸುವುದಕ್ಕೆ ನಿರ್ವಾಣ ಎನ್ನುತ್ತಾರೆ. ದಾಯಮ್ಮ ಅನ್ನಿಸಿಕೊಂಡವರು ಅರಿವಳಿಕೆ ಇಲ್ಲದೆ, ಹೊಲಿಗೆ ಇಲ್ಲದೆ ಮಾಡುತ್ತಿದ್ದರು. ಮೂತ್ರದ ದಾರಿ ಮುಚ್ಚಿಹೋಗದಿರಲಿ ಎಂದು ಅಲ್ಲೊಂದು ಸಣ್ಣ ಕಡ್ಡಿ ಇಡುತ್ತಿದ್ದರು. 40 ದಿನ ಒಳಗಿದ್ದು, 40ನೆಯ ದಿನ ದೇವಿಯ ಪೂಜೆ. ಬದುಕಿ ಉಳಿದವರಲ್ಲಿಯೂ ಗಾಯ ಮಾಗುವಾಗ ಆ ದಾರಿ ಕುಗ್ಗಿ, ಧಾರೆ ನೂಲಿನಷ್ಟಾಗಿ, ಜೀವಮಾನವೆಲ್ಲ ತಿಣುಕುವ ಪಾಡು ಇರುತ್ತಿತ್ತು. ಅದೇ ಸಮುದಾಯದ ಎ. ರೇವತಿಯವರ ಆತ್ಮಕಥನವನ್ನು ದು. ಸರಸ್ವತಿಯವರು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದಿದ್ದಾರೆ. ಅದು ನಾಟಕವಾಗಿಯೂ ನಮ್ಮ ರಂಗದ ಮೇಲೆ ಬಂದಿದೆ. ಆಪರೇಷನ್ ಅನ್ನುವುದು ಒಂದು ಜೀವಕ್ಕೆ ಏನೆಂದು ತಿಳಿಯಬೇಕಾದವರು ಅದನ್ನು ಓದಬೇಕು. ನನ್ನ ಮಾತು ಅದರ ಮುಂದೆ ಬರೀ ದವಾಖಾನೆಯ ಚೀಟಿ.

ಈಗ ದೇಹದ ಒಳಗಿನ ಸಂಗತಿ. ರಾಮಥಾಳದವರಿಗೆ ಇದನ್ನು ತಿಳಿಸುವುದು ಸುಲಭ. ಸುಮಾರು 24,000 ಹೆಕ್ಟೇರಿಗೆ ಹನಿ ನೀರು ಕೊಡಲು ಹೊರಟ ಯೋಜನೆ ನಿಮ್ಮ ಊರಿನ ಹೆಸರಲ್ಲೇ ಇದೆ. ನಾರಾಯಣಪುರದ ಹಿನ್ನೀರಿನಿಂದ ಬಂದದ್ದು ಹೊಲ ಸೇರಬೇಕಾದರೆ ತೊಟ್ಟಿ, ಒತ್ತಡ, ವಾಲ್ವು ಮೂರೂ ಒಂದಕ್ಕೊಂದು ಹೊಂದಬೇಕು. ಮೂತ್ರಕೋಶವೂ ಹಾಗೆಯೇ: 400ರಿಂದ 500 ಮಿಲಿಲೀಟರ್ ಹಿಡಿಯುವ ತೊಟ್ಟಿ, ಅದರ ಗೋಡೆಯಲ್ಲೇ ಹಿಂಡುವ ಸ್ನಾಯು, ಕೆಳಗೆ ಎರಡು ಬಿಗಿ. ಒಳಗಿನ ಬಿಗಿ ನಮ್ಮ ಮಾತು ಕೇಳುವುದಿಲ್ಲ, ಹೊರಗಿನದು ಕೇಳುತ್ತದೆ. ಇವೆಲ್ಲಕ್ಕೂ ಅಡಿಯಿಂದ ಆಸರೆಯಾಗಿ ಮುಂದಿನ ಎಲುಬಿನಿಂದ ಹಿಂದಿನ ಬಾಲದೆಲುಬಿನವರೆಗೆ ಹಾಸಿದ ಸ್ನಾಯುಗಳಿವೆ. ಇವುಗಳಿಗೆ ಶ್ರೋಣಿಯ ತಳದ ಸ್ನಾಯು ಎನ್ನುತ್ತಾರೆ. ಹೊಲದ ವಾಲ್ವು ಸಡಿಲಾದರೆ ಬದಲಿಸಬೇಕು. ಈ ಸ್ನಾಯು ಸೋತರೆ ಕಲಿಸಬಹುದು.

ಟ್ರಾನ್ಸ್ ಮಹಿಳೆಯರಿಗೆ ಯೋನಿ ರಚಿಸುವಾಗ ಸರ್ಜನ್ನರು ಮೂತ್ರಕೋಶ ಮತ್ತು ಗುದನಾಳದ ನಡುವೆ ಹೊಸ ಜಾಗ ಬಿಡಿಸಬೇಕು. ಅದು ಈ ತಳದ ಸ್ನಾಯುಗಳ ನಡುವೆಯೇ ಹಾದುಹೋಗುತ್ತದೆ. ಮೂತ್ರನಾಳವನ್ನು ಗಿಡ್ಡ ಮಾಡಿ ಹೊಸ ಜಾಗಕ್ಕೆ ಹೊಲಿಯುತ್ತಾರೆ. ಕ್ಯಾಥೆಟರ್ ಸುಮಾರು ಒಂದು ವಾರ ಇರುತ್ತದೆ. ಅದನ್ನು ತೆಗೆದ ಮೇಲೆ ಕೆಲವರಿಗೆ ಬಾವಿನಿಂದ ಮೂತ್ರವೇ ಬರುವುದಿಲ್ಲ, ಮತ್ತೆ ಕೊಳವೆ ಹಾಕಬೇಕಾಗುತ್ತದೆ. ಕೆಲವರಿಗೆ ಧಾರೆ ನೇರ ಬೀಳದೆ ತೊಡೆಯ ಮೇಲೆ ಸಿಡಿಯುತ್ತದೆ. ಕೆಲವರಿಗೆ ತಡೆಯಲಾಗದ ಅವಸರ, ಕೆಲವರಿಗೆ ಸೋರಿಕೆ. ಬಾವು ಇಳಿದಂತೆ, ನರಗಳು ಚೇತರಿಸಿಕೊಂಡಂತೆ ಬಹಳಷ್ಟು ಜನರಿಗೆ ಇದು ವಾರಗಳಲ್ಲಿ, ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಗುದನಾಳಕ್ಕೆ ತೂತಾಗದಂತೆ, ಸ್ನಾಯುವಿಗೆ ಪೆಟ್ಟಾಗದಂತೆ ನೋಡಿಕೊಳ್ಳುವುದು ಸರ್ಜನ್ನರ ಕೈಗುಣ. ಉಳಿದದ್ದು ರೋಗಿಯ ಕೈಯಲ್ಲಿದೆ, ಆದರೆ ಅದನ್ನು ಯಾರಾದರೂ ತೋರಿಸಿಕೊಡಬೇಕು.

1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಹೆರಿಗೆಯ ನಂತರ ಸೋರುವ ಹೆಂಗಸರಿಗೆ ಈ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮದ ಬಗ್ಗೆ ಬರೆದ. ಯೋಗ ಬಲ್ಲವರು ಮೂಲಬಂಧ ನೆನೆಯಬಹುದು. ಹಿಡಿಯುವ ಜಾಗ ಸುಮಾರು ಅದೇ, ಆದರೆ ಇಲ್ಲಿ ಉಸಿರು ಕಟ್ಟುವಂತಿಲ್ಲ. ನಾಲ್ಕು ಜನರ ನಡುವೆ ಗಾಳಿ ಬಿಡದಂತೆ ತಡೆಯುತ್ತೀರಲ್ಲ, ಆ ಸ್ನಾಯುವನ್ನು ಒಳಗೆ ಮೇಲಕ್ಕೆ ಎಳೆಯಿರಿ. ತೊಡೆ, ಕುಂಡಿ, ಹೊಟ್ಟೆ ಸಡಿಲ ಇರಲಿ. ಮೂರರಿಂದ ಐದು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಬಿಡಿ. ಬಿಡುವುದೂ ವ್ಯಾಯಾಮದ ಅರ್ಧ ಭಾಗವೇ. ಎಂಟು ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕ್ರಮೇಣ ಹತ್ತು ಸೆಕೆಂಡಿಗೆ ಏರಿಸಿ. ಮೂರು ತಿಂಗಳು ತಪ್ಪದೆ ಮಾಡದೆ ‘ಗುಣ ಇಲ್ಲ’ ಅನ್ನಬಾರದು. ಕೆಮ್ಮು, ಸೀನು ಬರುವ ಮುನ್ನ, ಭಾರ ಎತ್ತುವ ಮುನ್ನ ಒಮ್ಮೆ ಬಿಗಿಹಿಡಿಯುವುದು ಅಭ್ಯಾಸವಾದರೆ ಅರ್ಧ ಸೋರಿಕೆ ಅಲ್ಲೇ ನಿಲ್ಲುತ್ತದೆ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ, ಕೋಶ ಪೂರ್ತಿ ಖಾಲಿಯಾಗದೆ ಸೋಂಕಿಗೆ ದಾರಿಯಾಗುತ್ತದೆ. ಗಾಯ ಮಾಗಿ ಸರ್ಜನ್ ‘ಹೂಂ’ ಅನ್ನುವ ಮೊದಲು ಇದಾವುದನ್ನೂ ಶುರು ಮಾಡುವಂತಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಮೊಬೈಲಿನಲ್ಲಿ ನೋಡಿ ಎಲ್ಲರೂ ಬಿಗಿಹಿಡಿಯತೊಡಗುತ್ತಾರೆ. ಆದರೆ ಎಷ್ಟೋ ಟ್ರಾನ್ಸ್ ಮಹಿಳೆಯರ ತಳದ ಸ್ನಾಯು ಸೋತದ್ದಲ್ಲ, ಬಿಗಿದದ್ದು. ವರ್ಷಗಟ್ಟಲೆ ಅಂಗವನ್ನು ಒಳಗೆ ಅಡಗಿಸಿ ಕಟ್ಟಿದ್ದು, ಶೌಚಾಲಯ ಸಿಗದೆ ತಡೆದದ್ದು, ಭಯ, ನೋವು ಎಲ್ಲವೂ ಅಲ್ಲಿ ಗಂಟಾಗಿರುತ್ತವೆ. ಬಿಗಿದ ಸ್ನಾಯುವನ್ನು ಇನ್ನಷ್ಟು ಹಿಂಡಿದರೆ ಅವಸರ ಹೆಚ್ಚುತ್ತದೆ, ಯೋನಿಯನ್ನು ಹಿಗ್ಗಿಸಿಡಲು ಬಳಸುವ ಡೈಲೇಟರ್ ಒಳಹೋಗುವುದೂ ಕಷ್ಟವಾಗುತ್ತದೆ. ಅವರಿಗೆ ಮೊದಲು ಬೇಕಾದದ್ದು ಹೊಟ್ಟೆ ತುಂಬ ಉಸಿರಾಡಿ ಸಡಿಲ ಬಿಡುವ ಪಾಠ. ಯಾರು ಯಾವ ಬಗೆ ಎಂದು ಕೈಯಿಟ್ಟು ನೋಡಿ ಹೇಳಬಲ್ಲವರು ತರಬೇತಾದ ಫಿಸಿಯೋಥೆರಪಿಸ್ಟ್.

ಅವಸರದ ತೊಂದರೆಗೆ ಗಡಿಯಾರ ಮದ್ದು. ಎರಡು ಮೂರು ದಿನ ಎಷ್ಟು ಕುಡಿದೆ, ಯಾವಾಗ ಹೋದೆ, ಯಾವಾಗ ಸೋರಿತು ಎಂದು ಬರೆದಿಡಿ. ಓದು ಬರಹ ಬಾರದವರು ಗೋಡೆಯ ಮೇಲೆ ಗೆರೆ ಎಳೆದರೂ ಸಾಕು. ಗಂಟೆಗೊಮ್ಮೆ ಓಡುವವರಾದರೆ ವಾರಕ್ಕೆ 15 ನಿಮಿಷದಂತೆ ಅಂತರ ಹೆಚ್ಚಿಸುತ್ತ ಎರಡೂವರೆ, ಮೂರು ಗಂಟೆಗೆ ತರಬೇಕು. ಅವಸರವಾದೊಡನೆ ಓಡಬೇಡಿ. ನಿಂತಲ್ಲೇ ನಿಂತು ಐದಾರು ಸಲ ಚುರುಕಾಗಿ ಬಿಗಿದು ಬಿಟ್ಟು, ಅಲೆ ಇಳಿದ ಮೇಲೆ ನಡೆಯಿರಿ. ಹಾರ್ಮೋನಿನ ಜೊತೆ ಸ್ಪೈರೊನೊಲ್ಯಾಕ್ಟೋನ್ ಗುಳಿಗೆ ತಗೊಳ್ಳುತ್ತಿರುವವರಿಗೆ ಅದೇ ಮೂತ್ರ ಹೆಚ್ಚಿಸುತ್ತದೆ. ವೈದ್ಯರನ್ನು ಕೇಳಿ ಬೆಳಗಿನ ಹೊತ್ತಿಗೆ ಬದಲಿಸಿಕೊಳ್ಳಬಹುದು.

ನೀರಿನ ವಿಷಯ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವಂಥದು. ಸೋರುತ್ತದೆ ಎಂದು ನೀರು ಬಿಡುತ್ತಾರೆ. ಹುನಗುಂದದ ಬೇಸಿಗೆಯಲ್ಲಿ, ಹೆದ್ದಾರಿಯ ಬದಿ, ಸಂತೆಯಲ್ಲಿ ದಿನವೆಲ್ಲ ನಿಂತು ದುಡಿಯುವವರು ಒಂದು ಲೋಟ ನೀರಿನಲ್ಲಿ ಸಂಜೆ ಮಾಡುತ್ತಾರೆ. ಮೂತ್ರ ಗಟ್ಟಿಯಾಗಿ ಕೋಶವನ್ನು ಕೆರಳಿಸುತ್ತದೆ, ಅವಸರ ಇನ್ನೂ ಹೆಚ್ಚುತ್ತದೆ. ಆಪರೇಷನ್ನಿನಿಂದ ಮೂತ್ರನಾಳ ಗಿಡ್ಡವಾಗಿರುವುದರಿಂದ ಸೋಂಕೂ ಬೇಗ ತಾಗುತ್ತದೆ, ಕಲ್ಲೂ ಕಟ್ಟಬಹುದು. ಬಿಡಬೇಕಾದದ್ದು ನೀರನ್ನಲ್ಲ, ಮೇಲಿಂದ ಮೇಲೆ ಕುಡಿಯುವ ಚಹಾವನ್ನು. ಆದರೆ ನೀರು ಕುಡಿಯಿರಿ ಎಂದು ನಾನು ವೇದಿಕೆಯಿಂದ ಹೇಳಿದರೆ ಸಾಲದು. ಬಸ್ ನಿಲ್ದಾಣದ ಶೌಚಾಲಯದಲ್ಲಿ ಹೆಂಗಸರ ಕಡೆ ಹೋದರೆ ಹೆಂಗಸರು ಕೂಗುತ್ತಾರೆ, ಗಂಡಸರ ಕಡೆ ಹೋದರೆ ಗಂಡಸರು ಕೆಣಕುತ್ತಾರೆ. ಇವರನ್ನು ಒಳಗೆ ಬಿಡು ಎಂದು ಬಾಗಿಲಲ್ಲಿ ಚಿಲ್ಲರೆ ಎಣಿಸುವವನಿಗೆ ಯಾರಾದರೂ ಹೇಳಿಕೊಡಬೇಕಲ್ಲ. 

ಟ್ರಾನ್ಸ್ ಪುರುಷರ ಮಾತು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅವರ ಶಸ್ತ್ರಚಿಕಿತ್ಸೆ ಬೇರೆಯದೇ ದೊಡ್ಡ ವಿಷಯ. ನಿಂತು ಮೂತ್ರ ಮಾಡಲೆಂದು ನಾಳವನ್ನು ಉದ್ದ ಮಾಡಿದಾಗ ಹೊಸ ಭಾಗಕ್ಕೆ ತಾನಾಗಿ ಹಿಂಡಿ ಹೊರಹಾಕುವ ಶಕ್ತಿ ಇರುವುದಿಲ್ಲ. ಮುಗಿಯಿತೆಂದು ಪ್ಯಾಂಟು ಏರಿಸಿದ ಮೇಲೆ ಹನಿಗಳು ಬರುತ್ತವೆ. ಬುಡದ ಹಿಂಭಾಗದಿಂದ ಮುಂದಕ್ಕೆ ಬೆರಳಿನಿಂದ ಒತ್ತಿ ತೆಗೆದರೆ ಸಾಕು, ಅದು ಹಿಡಿತ ತಪ್ಪಿದ್ದಲ್ಲ. ಬೇರೆಡೆಯಿಂದ ಒಸರಿದರೆ ಅಥವಾ ಧಾರೆ ಸಣ್ಣದಾದರೆ ಸರ್ಜನ್ ಬಳಿ ಹೋಗಬೇಕು.

ಖರ್ಚಿನ ಮಾತು. ತಮಿಳುನಾಡು 2008ರಲ್ಲೇ ಟ್ರಾನ್ಸ್ ಜನರ ಕಲ್ಯಾಣ ಮಂಡಳಿ ಮಾಡಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಆಪರೇಷನ್ನಿಗೆ ದಾರಿ ಮಾಡಿತು. ಟ್ರಾನ್ಸ್ ಜನರ ಹಕ್ಕು ಕಾಯಲು ಕೇಂದ್ರ ಮಾಡಿದ 2019ರ ಕಾಯ್ದೆಯ 15ನೆಯ ಕಲಮು ಶಸ್ತ್ರಚಿಕಿತ್ಸೆ, ಹಾರ್ಮೋನು, ಹಿಂದು ಮುಂದಿನ ಸಮಾಲೋಚನೆ, ವಿಮೆ ಎಲ್ಲವನ್ನೂ ಹೆಸರಿಸುತ್ತದೆ. 2022ರ ಆಗಸ್ಟಿನಲ್ಲಿ ಆಯುಷ್ಮಾನ್ ಭಾರತದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ವಿಮೆಗೆ ಒಪ್ಪಂದವಾಯಿತು. ಒಳ್ಳೆಯದು. ಆದರೆ ಆ ಕಲಮಿನಲ್ಲಿ ಫಿಸಿಯೋಥೆರಪಿ ಅನ್ನುವ ಹೆಸರೇ ಇಲ್ಲ. ಕೊಯ್ಯುವುದಕ್ಕೆ ದುಡ್ಡಿದೆ, ಕಲಿಸುವುದಕ್ಕೆ ಆಳಿಲ್ಲ. ಹೆರಿಗೆಯಾದ ತಾಯಂದಿರಿಗೂ ನಮ್ಮ ತಾಲ್ಲೂಕುಗಳಲ್ಲಿ ಈ ವ್ಯಾಯಾಮವನ್ನು ಯಾರೂ ಹೇಳಿಕೊಡುವುದಿಲ್ಲ. ಹುನಗುಂದ, ಇಳಕಲ್ಲು, ಬಾದಾಮಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಇದಕ್ಕೆಂದೇ ತರಬೇತಾದವರು ಕೂತರೆ ಬಾಣಂತಿಯರು, ಮುದುಕರು, ಜೋಗಪ್ಪಗಳು ಒಂದೇ ಬೆಂಚಿನಲ್ಲಿ ಕೂಡುತ್ತಾರೆ. ಅದಕ್ಕೆ ಯಾವ ಯಂತ್ರವೂ ಬೇಡ, ಒಂದು ಪರದೆ, ಒಂದು ಮಂಚ ಸಾಕು. ಶಾಸಕರ ಕಚೇರಿಗೆ ಕೊಡುವ ಮನವಿಯಲ್ಲಿ ರಸ್ತೆ, ಚರಂಡಿಯ ಜೊತೆ ಇದನ್ನೂ ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ.

ಕಡೆಯದಾಗಿ, ವ್ಯಾಯಾಮ ಬಿಟ್ಟು ಕೂಡಲೇ ಗಾಡಿ ಹತ್ತಬೇಕಾದ ಸಂದರ್ಭಗಳು. ಹೊಟ್ಟೆಯ ಕೆಳಭಾಗ ಉಬ್ಬಿ ನೋಯುತ್ತ ಆರೆಂಟು ಗಂಟೆ ಮೂತ್ರ ಬಾರದಿದ್ದರೆ. ಚಳಿಜ್ವರ ಬಂದು ಉರಿಯಾದರೆ. ಧಾರೆ ದಿನದಿನಕ್ಕೆ ಸಣ್ಣಗಾಗುತ್ತ ತಿಣುಕಬೇಕಾದರೆ, ಅದು ನಾಳ ಕುಗ್ಗಿದ್ದು, ಬಿಗಿಹಿಡಿಯುವುದರಿಂದ ಹಿಗ್ಗುವುದಿಲ್ಲ. ಹಗಲು ರಾತ್ರಿ ಒಂದೇ ಸಮ ಹನಿಯುತ್ತಿದ್ದರೆ, ಕೋಶ ತುಂಬಿ ತುಳುಕುತ್ತಿರಬಹುದು. ಯೋನಿಯ ದಾರಿಯಿಂದ ಮೂತ್ರವೋ ಮಲವೋ ಬಂದರೆ, ಅದು ಒಳಗೆ ತೂತಾಗಿರುವ ಗುರುತು. ಹೋಗುವಾಗ ಡಿಸ್ಚಾರ್ಜ್ ಕಾಗದ ಜೊತೆಗಿರಲಿ. ವಯಸ್ಸಾದ ಮೇಲೆ ತೊಂದರೆ ಬಂದರೆ, ಎದುರಿಗಿರುವ ಡಾಕ್ಟರು ನಿಮ್ಮ ಸೀರೆ ನೋಡಿ ಮರೆಯಬಹುದಾದ ಒಂದು ಮಾತನ್ನು ನೀವೇ ನೆನಪಿಸಿ: ಯೋನಿ ರಚಿಸುವ ಆಪರೇಷನ್ನಿನಲ್ಲಿ ಪ್ರಾಸ್ಟೇಟ್ ತೆಗೆಯುವುದಿಲ್ಲ, ಅದು ಒಳಗೇ ಇರುತ್ತದೆ.