ಮಣಿಕಟ್ಟಿನಿಂದ ಮೂರು ಬೆರಳು

ಪುಲಿಕೇಶಿನಗರದ ಕೋಲ್ಸ್ ರಸ್ತೆಯ ಒಂದು ಮನೆಯಿಂದ ತಾಯಿಯೊಬ್ಬರು ಕ್ಯಾನ್ಸರ್ ಚಿಕಿತ್ಸೆಗೆಂದು ಬೆಳಿಗ್ಗೆ ಹೊರಟಿದ್ದಾರೆಂದು ಭಾವಿಸೋಣ. ಜೊತೆಯಲ್ಲಿ ಮಗಳಿದ್ದಾಳೆ. ಆಟೋ ಊರನ್ನು ಹಾದು ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯನ್ನು ಮುಟ್ಟುವ ಹೊತ್ತಿಗೆ ತಾಯಿಗೆ ಹೊಟ್ಟೆ ತೊಳಸತೊಡಗುತ್ತದೆ. ಮದ್ದಿನ ಒಂದು ಹನಿಯೂ ಇನ್ನೂ ಮೈಗೆ ಇಳಿದಿಲ್ಲ. ಹೆಬ್ಬಾಗಿಲು ಕಂಡಿದೆ, ಅಷ್ಟೆ. ಹಿಂದಿನ ಸಲದ ಸಂಕಟವನ್ನು ಮೈ ಮರೆತಿಲ್ಲ. ಇದು ಮನಸ್ಸಿನ ಅಳುಕಲ್ಲ, ನಟನೆಯೂ ಅಲ್ಲ. ವೈದ್ಯರು ಚೆನ್ನಾಗಿ ಬಲ್ಲ ಲಕ್ಷಣ. ಇದನ್ನು ತಾಳಲಾರದೆ ಚಿಕಿತ್ಸೆಯನ್ನೇ ಅರ್ಧಕ್ಕೆ ಬಿಡುವವರೂ ಉಂಟು. ಆದುದರಿಂದ ವಾಕರಿಕೆಯನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ.

ವಾಕರಿಕೆ ಬರುವುದಾದರೂ ಏಕೆ? ಕಿಮೊಥೆರಪಿಯ ಮದ್ದು ಕರುಳಿನ ಒಳಪದರದ ಕೆಲವು ಜೀವಕೋಶಗಳಿಂದ ಸಿರೊಟೋನಿನ್ ಎಂಬ ವಸ್ತುವನ್ನು ಹೊರಡಿಸುತ್ತದೆ. ಅದು ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮಿದುಳು ವಾಂತಿಗೆ ಅಪ್ಪಣೆ ಕೊಡುತ್ತದೆ. ಈ ಸುದ್ದಿಯನ್ನು ನಡುದಾರಿಯಲ್ಲೇ ತಡೆಯುವ ಆಂಡಾನ್ಸೆಟ್ರಾನ್ ಮೊದಲಾದ ಮದ್ದುಗಳು 1990ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ವಾಂತಿ ಬಹುಮಟ್ಟಿಗೆ ಹತೋಟಿಗೆ ಬಂದಿದೆ. ಆದರೆ ವಾಂತಿ ನಿಂತರೂ ಹೊಟ್ಟೆಯ ತೊಳಸು ಎಲ್ಲರಲ್ಲೂ ನಿಲ್ಲುವುದಿಲ್ಲ. ಅಕ್ಯುಪ್ರೆಶರಿನ ಮಾತು ಬರುವುದು ಇಲ್ಲಿ.

ವಿಧಾನ ಸುಲಭ. ರೋಗಿಯ ಅಂಗೈಯನ್ನು ಮೇಲ್ಮುಖವಾಗಿ ಹಿಡಿಯಿರಿ. ಮಣಿಕಟ್ಟಿನ ಗೆರೆಯ ಮೇಲೆ, ಮೊಣಕೈಯ ಕಡೆಗೆ, ರೋಗಿಯದೇ ಮೂರು ಬೆರಳುಗಳನ್ನು ಅಡ್ಡಲಾಗಿ ಇಡಿ. ಮೂರನೆಯ ಬೆರಳು ಮುಗಿಯುವಲ್ಲಿ, ಹುರಿಯಂತೆ ಸೆಟೆದು ನಿಲ್ಲುವ ಎರಡು ಸ್ನಾಯುರಜ್ಜುಗಳ ನಡುವಿನ ತಗ್ಗೇ ಆ ಸ್ಥಳ. ಚೀನೀ ವೈದ್ಯದಲ್ಲಿ ಇದಕ್ಕೆ ನೈಗುವಾನ್ ಎಂದು ಹೆಸರು. ಹೆಬ್ಬೆರಳಿನಿಂದ ಎರಡು ಮೂರು ನಿಮಿಷ, ಗಟ್ಟಿಯಾಗಿ ಆದರೆ ನೋಯದಂತೆ, ಒತ್ತಿ ಹಿಡಿಯಬೇಕು. ಬಳಿಕ ಇನ್ನೊಂದು ಕೈ. ಬೇಕೆನಿಸಿದಾಗ ಮತ್ತೆ ಮಾಡಬಹುದು.

ಇದರಿಂದ ಗುಣವುಂಟೆ? ಬೆಲ್‌ಫಾಸ್ಟ್ ನಗರದ ಜಾನ್ ಡಂಡೀ ಎಂಬ ವೈದ್ಯರು ಇದೇ ಸ್ಥಳಕ್ಕೆ ಸೂಜಿ ಚುಚ್ಚಿ, ಕ್ಯಾನ್ಸರ್ ರೋಗಿಗಳ ವಾಂತಿ ತಗ್ಗುತ್ತದೆಂದು 1987ರಲ್ಲಿ ವರದಿ ಮಾಡಿದರು. ಆದರೆ 2013ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 500 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಬೇರೆ. ಕೆಲವರಿಗೆ ಈ ಸ್ಥಳವನ್ನು ಒತ್ತುವ ಗುಂಡಿಯುಳ್ಳ ಪಟ್ಟಿ, ಕೆಲವರಿಗೆ ತೋರಿಕೆಯ ಪಟ್ಟಿ, ಉಳಿದವರಿಗೆ ಮದ್ದು ಮಾತ್ರ. ಪಟ್ಟಿ ಕಟ್ಟಿದವರ ವಾಕರಿಕೆ ತುಸು ಕಡಿಮೆ ಕಂಡಿತು; ಆದರೆ ಆ ಅಂತರ ಆಕಸ್ಮಿಕವಲ್ಲವೆಂದು ಸಿದ್ಧವಾಗಲಿಲ್ಲ. ನಿಜವಾದ ಪಟ್ಟಿಗೂ ತೋರಿಕೆಯ ಪಟ್ಟಿಗೂ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ಹೀಗಾಗಿ, ಇದು ಕೆಲವರಿಗೆ ಸಮಾಧಾನ ಕೊಟ್ಟೀತು ಎನ್ನಬಹುದೇ ಹೊರತು ರಾಮಬಾಣವೆನ್ನಲಾಗದು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಹೇಳಿದ ಹೊತ್ತಿಗೆ, ಸಂಕಟ ಶುರುವಾಗುವ ಮೊದಲೇ, ತೆಗೆದುಕೊಳ್ಳುವುದು ಮುಖ್ಯ. ಬೆರಳಿನ ಒತ್ತು ಅದರ ಜೊತೆಗೇ ಹೊರತು ಅದರ ಬದಲಿಗಲ್ಲ. ಕ್ಯಾನ್ಸರನ್ನಂತೂ ಅದು ಗುಣಪಡಿಸುವುದಿಲ್ಲ.

ಕೆಲವು ಎಚ್ಚರಿಕೆಗಳಿವೆ. ಡ್ರಿಪ್ ಹಾಕಿದ ಕೈಯನ್ನೂ, ಸ್ತನದ ಶಸ್ತ್ರಚಿಕಿತ್ಸೆಯ ಬಳಿಕ ಬಾತುಕೊಂಡ ಕೈಯನ್ನೂ ಒತ್ತಬಾರದು. ಚಿಕಿತ್ಸೆಯಿಂದ ಪ್ಲೇಟ್‌ಲೆಟ್ ಕಣಗಳು ಕಡಿಮೆಯಾದವರಿಗೆ ಸ್ವಲ್ಪ ಒತ್ತಿದರೂ ಚರ್ಮದಡಿ ರಕ್ತ ಕಟ್ಟೀತು. ವೈದ್ಯರನ್ನು ಕೇಳಿಯೇ ತೊಡಗಬೇಕು. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ತೀರ ಕಡಿಮೆಯಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಒತ್ತುತ್ತಾ ಕೂಡದೆ ಕೂಡಲೇ ಆಸ್ಪತ್ರೆಗೆ ತಿಳಿಸಬೇಕು. ಮಾತ್ರೆಯಿಂದ ಗುಣ ಕಾಣದಿದ್ದರೆ ಅದನ್ನೂ ಹೇಳಬೇಕು. ಬೇರೆ ಮಾತ್ರೆಗಳಿವೆ. ನಮ್ಮ ಹೆಂಗಸರು “ಇರಲಿ ಬಿಡಿ, ತಾಳಿಕೊಳ್ಳುತ್ತೇನೆ” ಎಂದು ಸುಮ್ಮನಾಗುವುದು ಹೆಚ್ಚು. ಇಲ್ಲಿ ಅಂಥ ತಾಳ್ಮೆ ಬೇಡ.

ಇನ್ನು ಆ ತಾಯಿ ಮಗಳ ಮಾತು. ಮನೆಯವರಿಗೆ ಇಂಥ ಹೊತ್ತಿನಲ್ಲಿ ಕೈಕಟ್ಟಿ ಕುಳಿತಂತಾಗುತ್ತದೆ. ಬೇನೆಯನ್ನು ಹಂಚಿಕೊಳ್ಳುವ ದಾರಿ ಕಾಣದು. ಮಾತ್ರೆ ಕೊಟ್ಟಾದ ಮೇಲೆ ಮಗಳು ಆಟೋದಲ್ಲೇ ತಾಯಿಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮೂರು ಬೆರಳು ಅಳೆದು, ಮೆಲ್ಲಗೆ ಒತ್ತಿ ಹಿಡಿಯಲಿ. ತೊಳಸು ತಗ್ಗಿದರೆ ಲಾಭ. ತಗ್ಗದಿದ್ದರೂ ಆ ಹೆಬ್ಬಾಗಿಲನ್ನು ತಾಯಿ ಒಬ್ಬಳೇ ದಾಟಿದಂತಾಗುವುದಿಲ್ಲ.