ವೈದ್ಯನ ಹೆಸರು ಹೊತ್ತ ಇಬ್ಬರು ಹುಡುಗರು

ಚಿಂತಾಮಣಿಯ ದಕ್ಷಿಣಕ್ಕೆ ನಿಂತಿರುವ ಅಂಬಾಜಿದುರ್ಗವನ್ನು ನಾನು ಮೊದಲ ಬಾರಿಗೆ ಹತ್ತಿದ್ದು ನನ್ನ ದೊಡ್ಡಪ್ಪನವರ ಹೆಗಲ ಮೇಲೆ ಕುಳಿತು. ಆಗ ನನಗೆ ಐದೋ ಆರೋ ವರ್ಷ. ಇಳಿದು ಬರುವಾಗ ತಪ್ಪಲಿನ ನೀಲಗಿರಿ ಮರದಿಂದ ಒಂದೆಲೆ ಕಿತ್ತು, ಅಂಗೈಯಲ್ಲಿ ಹೊಸಕಿ, ನನ್ನ ಮೂಗಿನ ಬಳಿ ಹಿಡಿದು, “ಇದು ಶೀತಕ್ಕೆ ಒಳ್ಳೆಯದು ಕಣಪ್ಪ, ಸಮುದ್ರದಾಚೆಯಿಂದ ಬಂದ ಮರವಂತೆ” ಎಂದರು. ಆ ವಾಸನೆಯನ್ನು ನಾನು ಇಂದಿಗೂ ಮರೆತಿಲ್ಲ. ಇಂದು ನಾನು ಹೇಳಹೊರಟಿರುವುದು ಸಮುದ್ರದಾಚೆಯ ಒಬ್ಬ ಶಸ್ತ್ರವೈದ್ಯನ ಸಂಸಾರದ ಕಥೆ. ಅದಕ್ಕೂ ಅಂಬಾಜಿದುರ್ಗಕ್ಕೂ ಏನು ಸಂಬಂಧವೆಂದು ಶ್ರೋತೃಗಳು ಕೇಳಬಹುದು. ಸಂಬಂಧ ಒಂದಲ್ಲ, ಎರಡಿವೆ. ಮೂರನೆಯದು ನನ್ನ ಸ್ವಂತದ್ದು, ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲನೆಯದು ಲಾರ್ಡ್ ಕಾರ್ನ್‌ವಾಲಿಸನ ಮೂಲಕ ಬಂದದ್ದು. 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್ನನ ಸೇನೆಗೆ ಶರಣಾದ ಇಂಗ್ಲಿಷ್ ದಂಡನಾಯಕ ಆತ. ಆ ಸೋಲಿನಿಂದ ಇಂಗ್ಲೆಂಡ್ ತನ್ನ ಅಮೆರಿಕದ ವಸಾಹತುಗಳನ್ನು ಕಳೆದುಕೊಂಡಿತು. ಅದುವರೆಗೆ ಅಲ್ಲಿಯ ಕಳ್ಳಕಾಕರನ್ನು ಹಡಗಿಗೆ ತುಂಬಿ ಅಮೆರಿಕಕ್ಕೆ ಸಾಗಿಸುವುದು ವಾಡಿಕೆಯಾಗಿತ್ತು. ಆ ಬಾಗಿಲು ಮುಚ್ಚಿದ ಮೇಲೆ ಸೆರೆಮನೆಗಳು ತುಂಬಿದವು. ಬಂದರುಗಳಲ್ಲಿ ಕಟ್ಟಿ ನಿಲ್ಲಿಸಿದ್ದ ಹಳೆಯ ಹಡಗುಗಳೂ ಕೈದಿಗಳಿಂದ ಕಿಕ್ಕಿರಿದವು. ಬೇರೊಂದು ನೆಲ ಬೇಕಾಯಿತು. ಆಸ್ಟ್ರೇಲಿಯದ ಪೂರ್ವತೀರದ ನ್ಯೂ ಸೌತ್ ವೇಲ್ಸ್ ಹೀಗೆ ಕೈದಿಗಳ ನೆಲೆಯಾಯಿತು. ಇತ್ತ ಸೋತ ದಂಡನಾಯಕ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. ಮೂರನೆಯ ಮೈಸೂರು ಯುದ್ಧದಲ್ಲಿ ಅವನ ಪಡೆಗಳು 1791ರ ಅಕ್ಟೋಬರ್ 19ರಂದು ನಂದಿದುರ್ಗವನ್ನು ಹಿಡಿದವು; ಟಿಪ್ಪುಸುಲ್ತಾನ ಬಲಪಡಿಸಿದ್ದ ಅಂಬಾಜಿದುರ್ಗವೂ ಅದೇ ಯುದ್ಧದಲ್ಲಿ ಅವರ ವಶವಾಯಿತು. ನಮ್ಮ ಕೋಟೆಯ ಪತನಕ್ಕೂ ಸಿಡ್ನಿ ನಗರದ ಹುಟ್ಟಿಗೂ ನಡುವೆ ಹೀಗೊಂದು ಎಳೆ ಹಾದುಹೋಗಿದೆ.

1787ರ ಮೇ 13ರಂದು ಇಂಗ್ಲೆಂಡಿನಿಂದ ಹೊರಟ ಹನ್ನೊಂದು ಹಡಗುಗಳ ಆ ಮೊದಲ ನೌಕಾಸಮೂಹದಲ್ಲಿ ಏಳುನೂರಕ್ಕೂ ಹೆಚ್ಚು ಮಂದಿ ಕೈದಿಗಳಿದ್ದರು. ಅವರೆಲ್ಲರ ದೇಹಾರೋಗ್ಯದ ಹೊಣೆ ಹೊತ್ತ ಪ್ರಧಾನ ಶಸ್ತ್ರವೈದ್ಯನೇ ಜಾನ್ ವೈಟ್. ನೌಕಾಪಡೆಯಲ್ಲಿ ಕೆಲಸ ಮಾಡುತ್ತಿದ್ದ ಅವನನ್ನು ಈ ಹುದ್ದೆಗೆ ಶಿಫಾರಸು ಮಾಡಿದವನು ಅವನ ಮೇಲಧಿಕಾರಿ ಸರ್ ಆಂಡ್ರೂ ಸ್ನೇಪ್ ಹ್ಯಾಮಂಡ್. ಈ ಹೆಸರನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಬರುತ್ತದೆ.

ವೈಟ್ ಹಡಗಿಗೆ ಬಂದಾಗ ಕೈದಿಗಳು ಉಪ್ಪು ಹಾಕಿದ ಮಾಂಸ ತಿಂದು ಬಳಲಿದ್ದರು. ಅವನು ಮೇಲಿನವರಿಗೆ ಬರೆದು, ವಾದಿಸಿ, ಯಾನಕ್ಕೆ ಮೊದಲೇ ಅವರಿಗೆ ತಾಜಾ ಮಾಂಸ ಮತ್ತು ತರಕಾರಿಗಳನ್ನು ಕೊಡಿಸಿದ. ಹಡಗುಗಳ ತಳದಲ್ಲಿ ಕೊಳೆತು ನಾರುತ್ತಿದ್ದ ನೀರನ್ನು ಹೊರಗೆ ಸುರಿಸಿದ. ರಿಯೋ ಬಂದರಿನಲ್ಲಿ ಕೈದಿಗಳಿಗೆ ಕಿತ್ತಳೆಹಣ್ಣು ದೊರೆಯಿತು. ಎಂಟು ತಿಂಗಳಿಗೂ ಮೀರಿದ ಆ ಯಾನದಲ್ಲಿ ಸತ್ತವರು ಐವತ್ತರೊಳಗೆ. ಆ ಕಾಲಕ್ಕೆ ಅದು ಅಚ್ಚರಿಯ ಸಂಗತಿ. 1788ರ ಜನವರಿ 26ರಂದು ಹಡಗಿನ ಜನ ಸಿಡ್ನಿಯ ಕೊಲ್ಲಿಯಲ್ಲಿ ಇಳಿದರು. ವೈಟ್ ದೇವತೆಯಾಗಿರಲಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಅವನೂ ಅವನ ಸಹಾಯಕ ವೈದ್ಯ ವಿಲಿಯಂ ಬಾಲ್ಮೇನನೂ ಜಗಳವಾಡಿ ಒಬ್ಬರ ಮೇಲೊಬ್ಬರು ಪಿಸ್ತೂಲು ಹಾರಿಸಿದರು. ಆ ನಾಡನ್ನು ಅವನು ಮನಸಾರೆ ಶಪಿಸಿ ಪತ್ರ ಬರೆದದ್ದೂ ಉಂಟು.

ಎರಡನೆಯ ಸಂಬಂಧ ಈಗ ಬಂತು. ಔಷಧಿಗಳು ಮುಗಿಯುತ್ತಾ ಬಂದ ಆ ನೆಲೆಯಲ್ಲಿ ವೈಟ್ ಮತ್ತು ಅವನ ಸಂಗಡಿಗರು ಅಲ್ಲಿಯ ಒಂದು ಮರದ ಎಲೆಯಿಂದ ತೈಲ ಬಟ್ಟಿಯಿಳಿಸಿ ಹೊಟ್ಟೆನೋವಿನ ರೋಗಿಗಳಿಗೆ ಕೊಟ್ಟರು. 1790ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ವೈಟನ ದಿನಚರಿಯ ಗ್ರಂಥದಲ್ಲಿ ಆ ಮರದ ವರ್ಣನೆಯಿದೆ. ಅದು ನೀಲಗಿರಿಯ ಒಂದು ಜಾತಿ. ಅದೇ 1790ರ ಸುಮಾರಿಗೆ ಟಿಪ್ಪುವಿನ ನಂದಿಬೆಟ್ಟದ ತೋಟಕ್ಕೆ ನೀಲಗಿರಿ ಬಂತೆಂದು ನಮ್ಮ ಅರಣ್ಯಶಾಸ್ತ್ರದ ಪುಸ್ತಕಗಳು ಬರೆಯುತ್ತವೆ. ಮುಂದೆ ಆ ಮರ ಬಯಲುಸೀಮೆಯ ಹೊಲಗಳನ್ನೆಲ್ಲ ಆವರಿಸಿ, ಅಂತರ್ಜಲವನ್ನು ಹೀರುತ್ತದೆಂಬ ದೂರಿಗೆ ಗುರಿಯಾಗಿ, 2017ರಲ್ಲಿ ಸರ್ಕಾರ ಹೊಸದಾಗಿ ಅದನ್ನು ನೆಡುವುದನ್ನೇ ನಿಷೇಧಿಸಿದ್ದು ಬೇರೆ ಕಥೆ. ನಿವೃತ್ತನಾದ ಮೇಲೆ ನೀಲಗಿರಿಯ ಮೂಲವನ್ನು ಹುಡುಕುತ್ತಾ ಹೊರಟ ನಾನು ಆ ಮರದ ಜಾಡಿನಲ್ಲೇ ಈ ವೈದ್ಯನ ಮನೆಯ ಬಾಗಿಲಿಗೆ ಬಂದು ನಿಂತೆ.

ಆ ಮನೆಗೆ ಮೊದಲು ಬಂದ ಮಗು ಅವನದಲ್ಲ. 1789ರ ಏಪ್ರಿಲ್‌ನಲ್ಲಿ ಅಲ್ಲಿಯ ಮೂಲನಿವಾಸಿಗಳಲ್ಲಿ ಸಿಡುಬು ಹಬ್ಬಿತು. ಆ ಬೇನೆಯನ್ನು ತಡೆಯುವ ಶಕ್ತಿ ಅವರ ಮೈಗೆ ಇರಲಿಲ್ಲ. ಕೊಲ್ಲಿಯ ದಡಗಳಲ್ಲಿ, ಬಂಡೆಯ ಪೊಟರೆಗಳಲ್ಲಿ ಹೆಣಗಳು ಬಿದ್ದಿದ್ದವು. ಹಾಗೆ ಬಿದ್ದಿದ್ದವರ ನಡುವೆ ಇನ್ನೂ ಉಸಿರಿದ್ದ ಒಬ್ಬ ಗಂಡಸನ್ನೂ ಎಂಟೊಂಬತ್ತು ವರ್ಷದ ಅವನ ಮಗನನ್ನೂ ವೈಟನ ಆಸ್ಪತ್ರೆಗೆ ತಂದರು. ತಂದೆ ಅಲ್ಲಿಯೇ ತೀರಿಕೊಂಡ. ಹುಡುಗ ತಂದೆಯ ಮುಖವನ್ನು ನೋಡಿ, ಸತ್ತನೆಂಬ ಅರ್ಥದ ತನ್ನ ಭಾಷೆಯ ಒಂದೇ ಒಂದು ಮಾತನ್ನಾಡಿದನಂತೆ. ಅವರ ಶುಶ್ರೂಷೆಗೆ ನಿಂತ ಅರಬನೂ ಎಂಬ ಅವರದೇ ಜನದವನಿಗೂ ಬೇನೆ ತಗುಲಿ ಅವನೂ ಸತ್ತ. ಹುಡುಗ ಮಾತ್ರ ಉಳಿದ. ಅವನ ಹೆಸರು ನಾನ್‌ಬರಿ.

ವೈಟ್ ಅವನನ್ನು ಮನೆಯಲ್ಲಿಟ್ಟುಕೊಂಡು ಸಾಕಿದ. ತನಗೆ ಬದುಕು ಕೊಟ್ಟ ಅಧಿಕಾರಿಯ ಗೌರವಾರ್ಥವಾಗಿ ಅವನಿಗೆ ಆಂಡ್ರೂ ಸ್ನೇಪ್ ಹ್ಯಾಮಂಡ್ ಡಗ್ಲಸ್ ವೈಟ್ ಎಂದು ನಾಮಕರಣ ಮಾಡಿದ. ಅಷ್ಟುದ್ದದ ಹೆಸರನ್ನು ಯಾರೂ ಬಳಸಲಿಲ್ಲ. ಹುಡುಗ ಎಲ್ಲರ ಬಾಯಲ್ಲೂ ನಾನ್‌ಬರಿಯಾಗಿಯೇ ಉಳಿದ.

1790ರ ಜೂನ್ ತಿಂಗಳು ಆ ನೆಲೆಯ ಅತ್ಯಂತ ಘೋರವಾದ ತಿಂಗಳು. ಎರಡನೆಯ ನೌಕಾಸಮೂಹ ಬಂತು. ಈ ಬಾರಿ ಸಾಗಣೆಯನ್ನು ಗುತ್ತಿಗೆಗೆ ಕೊಟ್ಟಿದ್ದರು. ಹಡಗು ಹತ್ತಿಸಿಕೊಂಡ ತಲೆಗಳ ಲೆಕ್ಕಕ್ಕೆ ಹಣವೇ ಹೊರತು ಜೀವಂತ ಇಳಿಸಿದ ತಲೆಗಳ ಲೆಕ್ಕಕ್ಕಲ್ಲ. ಹಾಗಾಗಿ ಅದರ ಮೂರು ದೊಡ್ಡ ಹಡಗುಗಳ ಸುಮಾರು 1,000 ಕೈದಿಗಳಲ್ಲಿ ನಾಲ್ಕನೆಯ ಒಂದು ಭಾಗ ದಾರಿಯಲ್ಲೇ ಸತ್ತರು. ಐನೂರರ ಹತ್ತಿರ ಮಂದಿಯನ್ನು ರೋಗಿಗಳಾಗಿ ಹೊತ್ತು ಇಳಿಸಬೇಕಾಯಿತು. ವೈಟನ ಆಸ್ಪತ್ರೆಯ ಸುತ್ತ ಡೇರೆಗಳು ಎದ್ದವು. ಒಬ್ಬ ವೈದ್ಯನ ಕಾಳಜಿ ಇದ್ದ ಯಾನಕ್ಕೂ ಗುತ್ತಿಗೆದಾರನ ಲಾಭವಷ್ಟೇ ಇದ್ದ ಯಾನಕ್ಕೂ ಇರುವ ಅಂತರವನ್ನು ಈ ಎರಡು ಲೆಕ್ಕಗಳೇ ಹೇಳುತ್ತವೆ.

ಇವುಗಳಿಗೆ ತುಸು ಮೊದಲು ಬಂದ ‘ಲೇಡಿ ಜೂಲಿಯಾನಾ’ ಎಂಬ ಹಡಗಿನಲ್ಲಿ ಕೈದಿ ಹೆಂಗಸರಿದ್ದರು. ಕಳವಿನ ಅಪರಾಧಕ್ಕೆ ಏಳು ವರ್ಷ ಗಡೀಪಾರಿನ ಶಿಕ್ಷೆ ಹೊತ್ತು ಬಂದ ರೇಚಲ್ ಟರ್ನರ್ ಅವರಲ್ಲೊಬ್ಬಳು. ಆಕೆ ವೈಟನ ಮನೆವಾರ್ತೆ ನೋಡಿಕೊಳ್ಳುವವಳಾದಳು; ಕ್ರಮೇಣ ಅವನ ಸಂಗಾತಿಯೂ ಆದಳು. ಮದುವೆ ಆಗಲಿಲ್ಲ. 1793ರಲ್ಲಿ ಅವರಿಗೆ ಗಂಡುಮಗು ಹುಟ್ಟಿತು. ಅದಕ್ಕೆ ವೈಟ್ ಇಟ್ಟ ಹೆಸರು ಆಂಡ್ರೂ ಡಗ್ಲಸ್ ವೈಟ್. ಹೀಗೆ ಒಂದೇ ಹೆಸರು ಇಬ್ಬರು ಹುಡುಗರಿಗಾಯಿತು: ಸಿಡುಬಿನಿಂದ ಅನಾಥನಾದ ನೆಲದ ಮಗನಿಗೊಮ್ಮೆ, ಕೈದಿ ಹೆಂಗಸಿನ ಬಸಿರಲ್ಲಿ ಬಂದ ಸ್ವಂತ ಮಗನಿಗೊಮ್ಮೆ.

ಮರುವರ್ಷ, 1794ರ ಡಿಸೆಂಬರ್‌ನಲ್ಲಿ, ವೈಟ್ ಹಡಗು ಹತ್ತಿ ಹೊರಟುಹೋದ. ಮರಳಿ ಬಾ ಎಂದು ಸರ್ಕಾರ ಕೇಳಿದಾಗ ಹುದ್ದೆಗೇ ರಾಜೀನಾಮೆ ಕೊಟ್ಟ. ಮುಂದೆ ಇಂಗ್ಲೆಂಡಿನ ಹಡಗುಕಟ್ಟೆಗಳಲ್ಲಿ ವೈದ್ಯನಾಗಿ ದುಡಿದ, ಮದುವೆಯಾಗಿ ಬೇರೆ ಸಂಸಾರ ಹೂಡಿದ, 1832ರಲ್ಲಿ ತೀರಿಕೊಂಡ. ರೇಚಲ್ ಅಲ್ಲೇ ಉಳಿದಳು. ಅವಳ ಮಗು ತಂದೆಯ ಆಶ್ರಯದಲ್ಲಿ ಇಂಗ್ಲೆಂಡಿನಲ್ಲಿ ಬೆಳೆಯಿತು. ನಡುವೆ ಅರ್ಧ ಭೂಮಂಡಲದ ನೀರು.

ಕೈಬಿಟ್ಟವಳ ಗತಿ ಏನಾಯಿತೆಂದು ನಾವು ಕೇಳುವುದು ಸಹಜ. ರೇಚಲ್ ಮುಳುಗಲಿಲ್ಲ. 1797ರಲ್ಲಿ ಆಕೆ ಥಾಮಸ್ ಮೂರ್ ಎಂಬ ಹಡಗಿನ ಬಡಗಿಯನ್ನು ವಿಧಿವತ್ತಾಗಿ ಮದುವೆಯಾದಳು. ಅವನು ಸರ್ಕಾರದ ದೋಣಿ ಕಟ್ಟುವವರಿಗೆ ಮುಖ್ಯಸ್ಥನಾಗಿ, ಜಮೀನ್ದಾರನಾಗಿ, ಕೊನೆಗೆ ನ್ಯಾಯಾಧಿಕಾರಿಯೂ ಆದ. ಕೈದಿಯಾಗಿ ಬಂದವಳು ನ್ಯಾಯಾಧಿಕಾರಿಯ ಮಡದಿಯಾಗಿ ಬಾಳಿದಳು.

ನಾನ್‌ಬರಿಯೋ, ವೈಟ್ ಹೊರಟುಹೋದ ಎರಡೇ ತಿಂಗಳಲ್ಲಿ ತನ್ನ ಜನದ ಸಂಸ್ಕಾರಕ್ಕೆ ಒಳಗಾದ. ಹುಡುಗರ ಮುಂದಿನ ಹಲ್ಲೊಂದನ್ನು ಕಿತ್ತು ಅವರನ್ನು ಗಂಡಸರ ಗುಂಪಿಗೆ ಸೇರಿಸಿಕೊಳ್ಳುವ ಆ ವಿಧಿಯಲ್ಲಿ ಅವನೂ ಒಬ್ಬ. ಸಾಕಿದ ಮನೆ ಮುಚ್ಚಿದ ಮೇಲೆ ಹುಟ್ಟಿದ ಮನೆಗೆ ಅವನು ಹೀಗೆ ಹಿಂತಿರುಗಿದ. ಬಿಳಿಯರ ಹಡಗುಗಳಲ್ಲಿ ದುಡಿದ. 1802ರಲ್ಲಿ ಮ್ಯಾಥ್ಯೂ ಫ್ಲಿಂಡರ್ಸ್ ಆಸ್ಟ್ರೇಲಿಯದ ತೀರಗಳನ್ನು ಅಳೆಯಲು ಹೊರಟಾಗ ಜೊತೆಯಲ್ಲಿ ಹೋಗಿ, ನಡುವಿನಲ್ಲೇ ತನ್ನವರನ್ನು ಕಾಣಬೇಕೆಂದು ಮರಳಿ ಬಂದ. 1821ರಲ್ಲಿ ಸತ್ತಾಗ ಅವನನ್ನು ಹೂಳಿದ್ದು ತನ್ನ ಜನದ ಹೆಸರಾಂತ ನಾಯಕ ಬೆನೆಲಾಂಗನ ಸಮಾಧಿಯಲ್ಲಿ.

ಇನ್ನೊಬ್ಬ ಆಂಡ್ರೂ ರಾಜಸೇನೆಯ ಎಂಜಿನಿಯರ್ ಪಡೆ ಸೇರಿ, ನೆಪೋಲಿಯನ್ ಕೊನೆಯದಾಗಿ ಸೋತ 1815ರ ವಾಟರ್ಲೂ ಯುದ್ಧದಲ್ಲಿ ಭಾಗವಹಿಸಿ ಪದಕ ಪಡೆದ. 1823ರಲ್ಲಿ ಹಡಗು ಹತ್ತಿ ಸಿಡ್ನಿಗೆ ಬಂದ. ಎಳೆಯ ಮಗುವಾಗಿ ಅಗಲಿದ್ದ ತಾಯಿಯನ್ನು ಮೂವತ್ತು ವರ್ಷದ ಯೋಧನಾಗಿ ಕಂಡ. ವಾಟರ್ಲೂ ಪದಕವನ್ನು ತಾಯಿಗೆ ಒಪ್ಪಿಸಿದ. ಗಡೀಪಾರಿನ ಶಿಕ್ಷೆಯನ್ನು ಯಾವ ರಾಜನ ಹೆಸರಿನಲ್ಲಿ ವಿಧಿಸಿದ್ದರೋ ಅದೇ ರಾಜನ ಆಳ್ವಿಕೆಯ ಗೆಲುವಿಗೆ ದೊರೆತ ಪದಕ ಆಕೆಯ ಕೈಸೇರಿತು. ಆ ತಾಯಿ ಮಗ ಏನು ಮಾತನಾಡಿದರೋ! ನನ್ನ ಕಣ್ಣಿಗೆ ಕಟ್ಟುವುದು ಆ ಪದಕ ಒಂದೇ. 1837ರಲ್ಲಿ ಮಗ ತೀರಿಕೊಂಡ, ಮರುವರ್ಷ ತಾಯಿ. ಮಕ್ಕಳಿಲ್ಲದ ಮೂರ್ ತನ್ನ ಆಸ್ತಿಯನ್ನು ಚರ್ಚಿಗೆ ಬಿಟ್ಟು 1840ರಲ್ಲಿ ಸತ್ತ. ಆ ಆಸ್ತಿಯಿಂದ 1856ರಲ್ಲಿ ಆರಂಭವಾದ ಮೂರ್ ಕಾಲೇಜು ಇಂದಿಗೂ ಸಿಡ್ನಿಯಲ್ಲಿದೆ.

ವೈಟನ ಗ್ರಂಥದಲ್ಲಿ 65 ಚಿತ್ರಫಲಕಗಳಿವೆ. ಹಕ್ಕಿ, ಹಾವು, ಮೀನು, ಮರಗಳನ್ನು ಅಕ್ಕರೆಯಿಂದ ವರ್ಣಿಸಲಾಗಿದೆ. ಅಲ್ಲಿಯ ಒಂದು ಹಸಿರು ಕಪ್ಪೆಗೆ ಇಂದಿಗೂ ಅವನ ಹೆಸರಿದೆ. ಆದರೆ ಆ ಗ್ರಂಥದ ಮುಂದಿನ ಭಾಗವನ್ನು ಅವನು ಅಚ್ಚು ಹಾಕಿಸಲಿಲ್ಲ. ರೇಚಲ್‌ಗೆ ಅವನ ಅಚ್ಚಾದ ಬರಹದಲ್ಲಿ ಜಾಗ ದೊರೆಯಲೇ ಇಲ್ಲ. ಅವನು ಕೆಟ್ಟವನೆಂದು ತೀರ್ಪು ಕೊಡಲು ನನಗೆ ಮನಸ್ಸು ಬಾರದು. ಸಾಯುವವರನ್ನು ಉಳಿಸಿದ ಕೈ ಅದು. ಅನಾಥನಿಗೆ ಅನ್ನವಿಟ್ಟ ಕೈ. ಆದರೆ ಸಾಕುವುದು ಬೇರೆ, ತನ್ನವರೆಂದು ಬರೆದು ಒಪ್ಪಿಕೊಳ್ಳುವುದು ಬೇರೆ. ಮೊದಲನೆಯದಕ್ಕೆ ಕರುಣೆ ಸಾಕು. ಎರಡನೆಯದಕ್ಕೆ ಧೈರ್ಯ ಬೇಕು.

ಈ ಮಾತನ್ನು ನಾನು ಎರಡು ಶತಮಾನಗಳ ದೂರದಲ್ಲಿ ನಿಂತು ಹೇಳುತ್ತಿಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತ ದೊಡ್ಡಪ್ಪ ನನ್ನ ತಂದೆಯ ಒಡಹುಟ್ಟಿದವರಲ್ಲ. ನಮ್ಮ ತಾತ ಒಂದು ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದರು. 1918ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಒಂದೇ ವಾರ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಬೇರೆ ಜಾತಿಯ ಹುಡುಗನೊಬ್ಬನನ್ನು ಅವರು ಮನೆಗೆ ಕರೆತಂದರು. ಶಾಲೆಗೆ ಸೇರಿಸುವಾಗ ತಂದೆಯ ಸ್ಥಾನದ ಮೊದಲಕ್ಷರವಾಗಿ ತಮ್ಮ ಹೆಸರಿನ ಅಕ್ಷರವನ್ನೇ ಕೊಟ್ಟರು. ವೈಟ್‌ಗೆ ಇಲ್ಲದಿದ್ದ ಧೈರ್ಯ ಓದು ಬರಹ ಅಷ್ಟಕ್ಕಷ್ಟೇ ಇದ್ದ ನಮ್ಮ ತಾತನಿಗಿತ್ತು. ಅದು ಇಲ್ಲದೆ ಹೋದದ್ದು ನನಗೆ. ಮೂವತ್ತು ವರ್ಷಗಳ ಹಿಂದೆ ನಮ್ಮ ಬಂಧುಗಳೊಬ್ಬರು ವಂಶವೃಕ್ಷವನ್ನು ಬರೆಸಿ, ಕನ್ನಡ ಮೇಷ್ಟ್ರೆಂದು ಕರಡು ತಿದ್ದಲು ನನಗೆ ಕೊಟ್ಟರು. ಅದರಲ್ಲಿ ದೊಡ್ಡಪ್ಪನವರ ಹೆಸರಿರಲಿಲ್ಲ. ಕಾಗುಣಿತದ ತಪ್ಪುಗಳನ್ನೆಲ್ಲ ತಿದ್ದಿದೆ; ಆ ಒಂದು ತಪ್ಪನ್ನು ಕಂಡೂ ಬಿಟ್ಟೆ. ಅಂದು ಅವರು ಬದುಕಿದ್ದರು. ಅಚ್ಚಾದ ಹಾಳೆಯನ್ನು ಕೈಯಲ್ಲಿ ಹಿಡಿದು, ಮೇಲಿನಿಂದ ಕೆಳಗಿನವರೆಗೂ ಓದಿ, “ಅಕ್ಷರಗಳು ಚೆನ್ನಾಗಿ ಬಂದಿವೆ” ಎಂದಷ್ಟೇ ಹೇಳಿ ಹಿಂದಿರುಗಿಸಿದರು.

ವೈಟನ ಕಥೆಯನ್ನು ಓದಿ ಮುಗಿಸಿದ ರಾತ್ರಿ ಆ ಹಾಳೆಯನ್ನು ಪೆಟ್ಟಿಗೆಯಿಂದ ತೆಗೆದೆ. ತಾತನ ಹೆಸರಿನ ಕೆಳಗೆ, ನನ್ನ ತಂದೆಯ ಹೆಸರಿಗಿಂತ ಮುಂಚೆ, ಒಂದು ಗೆರೆ ಎಳೆದು ಆ ಹೆಸರನ್ನು ಬರೆದೆ. ಬರೆದವನು ತಡಮಾಡಿದನೆಂಬುದು ಮಸಿಯ ಬಣ್ಣದಿಂದಲೇ ಗೊತ್ತಾಗುತ್ತದೆ. ಗೊತ್ತಾಗಲಿ.