ನಾರ್ವೆಯ ಮೂಡಣ ತುದಿ: ವಾರ್ಡೋ

ಮನೆಯಲ್ಲಿ ಭೂಪಟವಿದ್ದರೆ ದಯವಿಟ್ಟು ಮುಂದೆ ಹರಡಿಕೊಳ್ಳಿರಿ. ನಾರ್ವೆಯೆಂದರೆ ಯೂರೋಪಿನ ಪಶ್ಚಿಮದಂಚಿನ ದೇಶವೆಂದು ನಾವು ಓದಿದ್ದೇವೆ. ಅದರ ಕರಾವಳಿಯನ್ನೇ ಹಿಡಿದು ಉತ್ತರಕ್ಕೆ ಸಾಗಿ, ನೆತ್ತಿಯನ್ನು ಬಳಸಿ ಬಲಕ್ಕೆ ಹೊರಳಿರಿ. ಕೊನೆಯಲ್ಲಿ ಸಿಕ್ಕುವ ಪುಟ್ಟ ದ್ವೀಪದ ಮೇಲಿನ ಊರೇ ವಾರ್ಡೋ. ಅದು ಇಸ್ತಾಂಬುಲ್ ನಗರಕ್ಕಿಂತಲೂ ಪೂರ್ವಕ್ಕಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಪಟವನ್ನು ನೋಡಿದರೆ ನಂಬುವಿರಿ.

ಸುಮಾರು 2,000 ಜನರ ಪುರಸಭೆ ಇದು. ಚಳಿಗಾಲದಲ್ಲಿ ಹೆಚ್ಚುಕಡಮೆ ಎರಡು ತಿಂಗಳು ಇಲ್ಲಿ ಸೂರ್ಯನ ದರ್ಶನವಿಲ್ಲ. ಬೇಸಗೆಯಲ್ಲಿ ಎರಡು ತಿಂಗಳಿಗೂ ಮೀರಿ ಅವನು ಮುಳುಗುವುದೇ ಇಲ್ಲ. ಬೀಸುವ ಗಾಳಿಗೆ ಮರಗಳು ತಲೆಯೆತ್ತುವುದು ಅಪರೂಪ. ಆದರೂ ಅಟ್ಲಾಂಟಿಕ್ ಸಾಗರದಿಂದ ಬರುವ ಬೆಚ್ಚನೆಯ ಪ್ರವಾಹದ ದಯೆಯಿಂದ ಬಂದರು ಹೆಪ್ಪುಗಟ್ಟುವುದಿಲ್ಲ. ಆ ನೀರಿನಲ್ಲಿ ಕಾಡ್ ಎಂಬ ಮೀನು ಹೇರಳ. ಮೀನಿಗಾಗಿ ಜನ ಬಂದರು. ಗಡಿಯ ಕಾವಲಿಗಾಗಿ ರಾಜರು ಕೋಟೆ ಕಟ್ಟಿಸಿದರು. ಈಗಿರುವ ನಕ್ಷತ್ರಾಕಾರದ ಕೋಟೆ 1738ರಲ್ಲಿ ಮುಗಿದದ್ದು.

ಅನ್ನವಿತ್ತ ಕಡಲೇ ಇಲ್ಲಿಯವರಿಗೆ ಅಳಲನ್ನೂ ತಂದಿತು. 1617ರ ಕ್ರಿಸ್‌ಮಸ್ ಹಿಂದಿನ ದಿನ ಹಠಾತ್ತನೆ ಎದ್ದ ಬಿರುಗಾಳಿಯಲ್ಲಿ ಈ ಸುತ್ತಿನ ಹತ್ತು ದೋಣಿಗಳು ಮುಳುಗಿ ನಲವತ್ತು ಮಂದಿ ಸತ್ತರು. ಗಾಳಿಯನ್ನು ಎಬ್ಬಿಸಿದವರಾರು? ಕೆಲವೇ ವರ್ಷಗಳಲ್ಲಿ ಆ ಅಪವಾದ ಕೆಲವು ಹೆಂಗಸರ ತಲೆಗೆ ಬಂತು. ಆಪಾದಿತರ ಕೈಕಾಲು ಕಟ್ಟಿ ಕಡಲಿಗೆ ಎಸೆಯುತ್ತಿದ್ದರು. ತೇಲಿದವಳು ಮಾಟಗಾತಿ ಎಂದು ತೀರ್ಮಾನ. ಚಿತ್ರಹಿಂಸೆಗೆ ಒಳಗಾದವಳು ತಪ್ಪೊಪ್ಪಿಕೊಂಡು ಇನ್ನೊಬ್ಬಳ ಹೆಸರು ಹೇಳುವಳು. ಹೀಗೆ ಆ ಶತಮಾನದಲ್ಲಿ ಫಿನ್‌ಮಾರ್ಕ್ ಪ್ರಾಂತದಲ್ಲಿ ಪ್ರಾಣ ತೆತ್ತವರು 91 ಮಂದಿ. ಅವರಲ್ಲಿ 14 ಜನ ಗಂಡಸರು. ಹೆಚ್ಚಿನವರನ್ನು ಬೆಂಕಿಗೆ ಕೊಟ್ಟರು.

1789ರಲ್ಲಿ ವಾರ್ಡೋ ಪಟ್ಟಣವೆನಿಸಿತು. 1944ರ ಯುದ್ಧದಲ್ಲಿ ಬಹುಭಾಗ ನಾಶವಾಗಿ, ಮತ್ತೆ ಎದ್ದಿತು. 1982ರಲ್ಲಿ ಕಡಲಡಿಯಲ್ಲಿ ಸುಮಾರು ಮೂರು ಕಿಲೋಮೀಟರಿನ ಸುರಂಗ ಕೊರೆದು ದ್ವೀಪವನ್ನು ನೆಲಕ್ಕೆ ಸೇರಿಸಿದರು. ನಾರ್ವೆಯಲ್ಲಿ ಕಡಲಡಿಯ ರಸ್ತೆ ಸುರಂಗಗಳಿಗೆ ಅದೇ ಮೊದಲು.

ಹೀಗೆ ಕಟ್ಟುವುದರಲ್ಲೇ ಮುಳುಗಿದ ಊರು ಹಳೆಯದನ್ನು ಮರೆತುಬಿಡಬಹುದಾಗಿತ್ತು, ಮರೆಯಲಿಲ್ಲ. 2011ರಲ್ಲಿ ದಡದ ಮೇಲೆ ಒಂದು ಉದ್ದನೆಯ, ಇಕ್ಕಟ್ಟಾದ ಸ್ಮಾರಕಶಾಲೆ ತೆರೆಯಿತು. ಅದರಲ್ಲಿ 91 ಕಿಟಕಿಗಳು. ಒಂದೊಂದು ಕಿಟಕಿಗೂ ಒಂದೊಂದು ದೀಪ. ಪಕ್ಕದಲ್ಲಿ ಸತ್ತವರ ಹೆಸರು, ಹೊರಿಸಿದ ಆರೋಪ.

ದುಃಖ ಬಂದಾಗ ಯಾರನ್ನಾದರೂ ದೂರುವುದು ಮನುಷ್ಯಸ್ವಭಾವ. ದೂರಿದ್ದು ತಪ್ಪಾಯಿತೆಂದು ಒಪ್ಪಿ, ಹೆಸರು ಹಿಡಿದು ದೀಪ ಹಚ್ಚಿಡುವುದು ಕಷ್ಟದ ಕೆಲಸ. ಭೂಪಟವನ್ನು ಮಡಿಸುವ ಮುನ್ನ ಆ ಚುಕ್ಕೆಯನ್ನು ಇನ್ನೊಮ್ಮೆ ನೋಡಿರಿ.